ಅತ್ತೆಗೆ ಆಗದ ಬಟಾಣಿ

ಅತ್ತಿಗೆ ನನಗೆ ಒಪ್ಪಿಸಿದ್ದ ಮಾತು ಚಿಕ್ಕದು. ಅವಳು ಮತ್ತೆ ಮದುವೆಯಾಗುತ್ತಿದ್ದಾಳೆ, ರಜೆ ಮುಗಿದ ಮೇಲೆ ಬೇರೆ ಊರಿಗೆ ಹೋಗುತ್ತಾಳೆ, ಇದನ್ನು ನಾನು ಅಮ್ಮನಿಗೆ ತಿಳಿಸಬೇಕು. ಹೇಳುವುದಕ್ಕೆ ಒಂದು ಉಸಿರು ಸಾಕು. ಆ ಉಸಿರನ್ನು ಬಾಯಲ್ಲಿ ಇಟ್ಟುಕೊಂಡೇ ಎಷ್ಟೋ ದಿನ ಓಡಾಡಿದೆ. ಕೊನೆಗೆ ರಜೆಯ ದಿನವೇ ಬಂದುಬಿಟ್ಟಿತು.

"ನೀನು ಹೇಳಿದ್ರೆ ಅತ್ತೆ ತಡ್ಕೋತಾರೆ," ಎಂದಿದ್ದಳು ಅತ್ತಿಗೆ. "ನಾನೇ ಹೇಳಿದ್ರೆ ನನ್ನ ಮುಖ ನೋಡ್ತಾ ಕೇಳಬೇಕಾಗುತ್ತೆ. ಆಗ ಅವರು ಬೇಜಾರು ಮಾಡ್ಕೊಳ್ಳೋಕೂ ಆಗಲ್ಲ, ಪಾಪ. ನಗಬೇಕಾಗುತ್ತೆ."

ಅಣ್ಣ ತೀರಿಕೊಂಡು ಮೂರು ವರ್ಷವಾಗಿತ್ತು. ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಿದ್ದವನು ಜ್ವರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಓಡಾಡಿದ. ಅದು ಎದೆಗೆ ಇಳಿಯಿತು. ಆಮೇಲೆ ಅತ್ತಿಗೆಗೆ 'ಇಲ್ಲೇ ಇರು' ಎಂದು ಯಾರೂ ಹೇಳಲಿಲ್ಲ. 'ಹೋಗು' ಎಂದೂ ಹೇಳಲಿಲ್ಲ. ಬಚ್ಚಲಿನ ಗೂಡಿನಲ್ಲಿ ಅವಳ ಹಲ್ಲುಜ್ಜುವ ಬ್ರಶ್ಶು ಇದ್ದಲ್ಲೇ ಇತ್ತು, ಅವಳೂ ಇದ್ದಲ್ಲೇ ಉಳಿದಳು. ಅವರ ಮದುವೆಯಾದಾಗ ಓದಿಗೆಂದು, ಆಮೇಲೆ ಕೆಲಸಕ್ಕೆಂದು ಹೊರಗಿದ್ದ ನಾನು ಅಣ್ಣ ಹೋದ ಮೇಲೆ ಮನೆಗೆ ವಾಪಸಾದೆ. ಮೂರನೇ ಮಹಡಿಯ ಎರಡು ಕೋಣೆಯಲ್ಲಿ ಮೂರು ಹೆಂಗಸರು. ಜಗಳ ಇರಲಿಲ್ಲ. ಜಗಳವಾಡಲು ಕೂಡ ಸ್ವಲ್ಪ ಮಾತು ಬೇಕಾಗುತ್ತದೆ.

ಅವತ್ತು ಬೆಳಿಗ್ಗೆ ಅತ್ತಿಗೆ ಕನ್ನಡಕದ ಅಂಗಡಿಗೆ ಹೋಗಿದ್ದಳು. ಅಲ್ಲಿ ಅವಳದು ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ರಜೆಯ ದಿನವೂ ಅರ್ಧ ಹೊತ್ತು ಅಂಗಡಿ ತೆಗೆದಿರುತ್ತದೆ. "ಊಟದ ಹೊತ್ತಿಗೆ ಬರ್ತೀನಿ ಅತ್ತೆ, ಕೆಲಸದ ಕಡೆಯವರೊಬ್ಬರು ಜೊತೇಲಿ ಬರ್ತಾರೆ. ಅವರಿಗೆ ಈ ಊರಲ್ಲಿ ಯಾರೂ ಇಲ್ಲ," ಎಂದು ಹೇಳಿ ಹೋಗಿದ್ದಳು. ಹೋಗುವಾಗ ನನ್ನ ಕಡೆ ನೋಡಿದಳು. ಇವತ್ತಾದರೂ ಹೇಳು ಎಂಬುದು ಆ ನೋಟದಲ್ಲಿತ್ತು.

ಆ ಕೆಲಸದ ಕಡೆಯವರೇ ಅತ್ತಿಗೆ ಮದುವೆಯಾಗಲಿರುವವರು. ಅಂಗಡಿ ಇರುವ ಕಟ್ಟಡದ ಲಿಫ್ಟ್ ರಿಪೇರಿ ಮಾಡುವವರು. ಒಮ್ಮೆ ಲಿಫ್ಟು ನಡುವೆ ನಿಂತು ಅತ್ತಿಗೆ ಒಳಗೆ ಸಿಕ್ಕಿಕೊಂಡಾಗ, ಹೊರಗಿನಿಂದ ಏನೇನೋ ಮಾತಾಡಿಸುತ್ತಾ ಬಾಗಿಲು ಬಿಚ್ಚಿದರಂತೆ. "ಮುಖ ನೋಡೋಕೆ ಮುಂಚೆ ದನಿ ಕೇಳಿದ್ದೆ," ಎಂದು ಅತ್ತಿಗೆ ನನಗೆ ಹೇಳಿದ್ದಳು. ಅಷ್ಟು ಹೇಳಿ, ಗಂಡನ ತಂಗಿಯ ಮುಂದೆ ಹೇಳಬಾರದ್ದು ಹೇಳಿದೆನೇನೋ ಎಂಬಂತೆ ಮಾತು ಬದಲಿಸಿದ್ದಳು.

ಅವರು ಬಂದು ಊಟಕ್ಕೆ ಕೂರುವುದರೊಳಗೆ ಅಮ್ಮನಿಗೆ ವಿಷಯ ಗೊತ್ತಾಗಬೇಕಿತ್ತು. ಗೊತ್ತಿಲ್ಲದೆ ಬಡಿಸಿದರೆ ಅದು ಅಮ್ಮನಿಗೆ ಮಾಡಿದ ಮೋಸ. ನನಗಿದ್ದದ್ದು ಒಂದು ಬೆಳಗು ಮಾತ್ರ.

ನಮ್ಮ ಮನೆಯಲ್ಲಿ ರಜೆಯ ಊಟ ಎಂದರೆ ಟ್ರೇ. ಆ ಅಡುಗೆಗೆ ಬೇರೆ ಹೆಸರಿರಬಹುದು. ನಾವು ಪಾತ್ರೆಯ ಹೆಸರಿನಿಂದಲೇ ಕರೆಯುತ್ತೇವೆ. ಅಗಲದ ಅಲ್ಯೂಮಿನಿಯಂ ಟ್ರೇಯ ತಳಕ್ಕೆ ಎಲೆಕೋಸಿನ ಹೊರಗಿನ ಒರಟು ಎಲೆ ಹಾಸಬೇಕು, ಹಿಡಿಯಬಾರದೆಂದು. ಅದರ ಮೇಲೆ ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ಅರೆ ಬೇಯಿಸಿದ ಆಲೂಗಡ್ಡೆ, ಕ್ಯಾರೆಟ್, ಹೂಕೋಸಿನ ಹೂವಿಗಿಂತ ಹೆಚ್ಚಾಗಿ ದಂಟು, ಕೆಂಪಗೆ ಬಾಡಿಸಿದ ಈರುಳ್ಳಿ. ಆಮೇಲೆ ಬೆಣ್ಣೆಯಲ್ಲಿ ಹಿಟ್ಟು ಹುರಿದು ಹಾಲು ಹುಯ್ದು ಕಾಯಿಸಿದ ಬಿಳಿ ಗಂಜಿ. ಅಮ್ಮ ಅದನ್ನು 'ಅಂಟು' ಎನ್ನುತ್ತಾಳೆ. ಹಾಲು ಸಾಲದಿದ್ದರೆ ಆಲೂಗಡ್ಡೆ ಬೇಯಿಸಿದ ನೀರು ಬೆರೆಸುತ್ತಾಳೆ, ಸಾಲುವುದು ಎಂದೂ ಇಲ್ಲ. ಎಲ್ಲದರ ಮೇಲೆ ಒಣಗಿದ ಬ್ರೆಡ್ಡಿನ ಪುಡಿ. ಮನೆಯಲ್ಲಿ ಓವನ್ ಇಲ್ಲ. ಕೆಳಗಿನ ಬೀದಿಯ ಬೇಕರಿಯವನು ರಜೆಯ ದಿನ ಬೆಳಗಿನ ಬ್ರೆಡ್ಡು ತೆಗೆದ ಮೇಲೆ, ಆರುತ್ತಿರುವ ತನ್ನ ಒಲೆಗೂಡನ್ನು ಬೀದಿಯವರ ಟ್ರೇಗಳಿಗೆ ಬಿಟ್ಟುಕೊಡುತ್ತಾನೆ.

ತರಕಾರಿಯನ್ನು ಅಮ್ಮ ಹಿಂದಿನ ಸಂಜೆ ಮಾರುಕಟ್ಟೆ ಮುಚ್ಚುವ ಹೊತ್ತಿಗೆ ತಂದಿದ್ದಳು. ಆಗ ವ್ಯಾಪಾರಿಗಳಿಗೆ ಮನೆ ನೆನಪಾಗಿರುತ್ತದೆ, ಬೆಲೆಗೆ ಹಟ ಹಿಡಿಯುವುದಿಲ್ಲ. ನೆಗ್ಗಿದ್ದು, ತೂತು ಬಿದ್ದದ್ದು, ಬಾಡಿದ್ದು.

"ಈ ಹೂಕೋಸು ನೋಡು, ನಮ್ಮ ಹಳೇ ಸೂಪರ್‌ವೈಸರ್ ತಲೆ ಇದ್ದ ಹಾಗಿದೆ," ಎಂದಳು ಅಮ್ಮ. "ಹೊರಗೆ ದೊಡ್ಡದು, ಒಳಗೆ ಹುಳ."

ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ನಿವೃತ್ತಿಯಾದವಳು. ಕಲೆ ಎಲ್ಲಿದ್ದರೂ ಅವಳ ಕಣ್ಣಿಗೆ ಬೀಳುತ್ತದೆ. ಚಾಕುವಿನ ತುದಿಯಿಂದ ಕೊಳೆತದ್ದನ್ನು ಮೀಟಿ ಮೀಟಿ ತೆಗೆಯುತ್ತಿದ್ದಳು. ನಾನು ಎದುರಿಗೆ ಕೂತು ಕ್ಯಾರೆಟ್ ಹೆರೆಯುತ್ತಿದ್ದೆ.

"ಅಮ್ಮಾ," ಎಂದೆ.

"ಏನು."

"ಈರುಳ್ಳಿ ಹೆಚ್ಚಲಾ?"

"ಹೆಚ್ಚು. ಬೆಳಗಿಂದ ಅಳೋ ಮುಖ ಮಾಡ್ಕೊಂಡು ಕೂತಿದೀಯ, ಈರುಳ್ಳಿ ಮೇಲಾದ್ರೂ ಹಾಕಬಹುದು."

ನಾನು ಈರುಳ್ಳಿ ಹೆಚ್ಚಿದೆ. ಮತ್ತೆ ಒಮ್ಮೆ 'ಅಮ್ಮಾ' ಎಂದೆ. ಈ ಸಲ ಬೆಣ್ಣೆ ಎಷ್ಟಿದೆ ಎಂದು ಕೇಳಿದೆ. ಮಾತು ಗಂಟಲಿಗೆ ಬಂದು, ಅಲ್ಲಿ ಬೇರೆ ಬಟ್ಟೆ ಹಾಕಿಕೊಂಡು ಹೊರಗೆ ಬರುತ್ತಿತ್ತು.

ಹೆಚ್ಚಿದ್ದನ್ನೆಲ್ಲ ಟ್ರೇಯಲ್ಲಿ ಹರಡಿ ನೋಡಿದರೆ ಪಾತ್ರೆ ಅರ್ಧವೂ ತುಂಬಿರಲಿಲ್ಲ. ಕೊಳೆತದ್ದು ತೆಗೆದ ಮೇಲೆ ಉಳಿದದ್ದೇ ಅಷ್ಟು. ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಊಟಕ್ಕೆ ಕರೆದು ಟ್ರೇ ತಳ ತೋರಿಸೋ ಹಾಗಾಯ್ತು. ಬಟಾಣಿ ಹಾಕಿದ್ರೆ ತುಂಬ್ಕೊಳ್ತಿತ್ತು. ಈಗ ಬೀದೀಲಿ ಕೇಳೋರಿಲ್ಲ, ಅಷ್ಟು ಅಗ್ಗ." ಆಮೇಲೆ ತಾನೇ ಹೇಳಿಕೊಂಡಳು, "ಆದ್ರೆ ಅವಳಿಗೆ ಆಗಲ್ಲ."

"ಯಾರಿಗೆ ಆಗಲ್ಲ?"

"ನಿನ್ನ ಅತ್ತಿಗೆಗೆ."

ನನ್ನ ಕೈ ನಿಂತಿತು. "ಅತ್ತಿಗೆಗಾ? ನಿನಗಲ್ವಾ ಬಟಾಣಿ ಆಗದೇ ಇರೋದು?"

"ನನಗಾ? ನನಗೇನು ರೋಗ? ನನಗ್ಯಾಕೆ ಆಗಲ್ಲ?"

ನಾನು ಮನೆಗೆ ವಾಪಸಾದ ಮೊದಲ ವಾರದಲ್ಲೇ ಅತ್ತಿಗೆ ನನಗೆ ಹೇಳಿದ್ದಳು: ಅತ್ತೆಗೆ ಬಟಾಣಿ ಆಗಲ್ಲ, ವಾಸನೆಯೂ ಆಗಲ್ಲ, ಮನೆಗೆ ತರಬೇಡ. ವಯಸ್ಸಾಗುತ್ತಾ ಒಂದೊಂದು ಆಗದೆ ಹೋಗುತ್ತದೆ ಎಂದುಕೊಂಡು ನಾನು ಒಪ್ಪಿಕೊಂಡಿದ್ದೆ. ಅತ್ತಿಗೆಗೆ ಬಟಾಣಿ ಎಂದರೆ ಪ್ರಾಣ. ಮಾರುಕಟ್ಟೆಗೆ ಹೋದಾಗಲೆಲ್ಲ ಒಂದು ಹಿಡಿ ಹಸಿ ಕಾಯಿ ಕೊಂಡು ದಾರಿಯಲ್ಲೇ ಸುಲಿದು ತಿಂದು, ಮೆಟ್ಟಿಲು ಹತ್ತುವ ಮೊದಲು ಸಿಪ್ಪೆ ಎಸೆದು ಕೈ ಒರೆಸಿಕೊಳ್ಳುತ್ತಿದ್ದಳು. ಅದನ್ನು ಹಾಗೆಯೇ ಅಮ್ಮನಿಗೆ ಹೇಳಿದೆ.

"ಅವಳು ಬಟಾಣಿ ತಿಂತಾಳಾ?"

"ಬೀದೀಲಿ ನಿಂತು ತಿಂತಾಳೆ. ನಿನಗೆ ಆಗಲ್ಲ ಅಂತ ಮನೆಗೆ ತರಲ್ಲ."

"ನನಗೆ ಆಗಲ್ಲ ಅಂತ ಅವಳಿಗೆ ಹೇಳಿದ್ಯಾರು?"

"ಅವಳಿಗೆ ಆಗಲ್ಲ ಅಂತ ನಿನಗೆ ಹೇಳಿದ್ಯಾರು?"

ಇಬ್ಬರಿಗೂ ಉತ್ತರ ಒಟ್ಟಿಗೇ ಹೊಳೆಯಿತು. ಅಮ್ಮ ಚಾಕುವನ್ನು ಮೆಲ್ಲಗೆ ಕೆಳಗಿಟ್ಟಳು.

"ಮದುವೆಯಾಗಿ ವಾರ ಆಗಿತ್ತು," ಎಂದಳು. "ಇಲ್ಲೇ, ಈ ಬಾಗಿಲಲ್ಲಿ ನಿಂತು ಪಿಸುಗುಟ್ಟಿದ. 'ಅಮ್ಮ, ಅವಳಿಗೆ ಬಟಾಣಿ ಆಗಲ್ಲ, ನಿನ್ನ ಮುಂದೆ ಹೇಳ್ಕೊಳ್ಳೋಕೆ ನಾಚಿಕೆ, ನೀನೂ ಕೇಳಬೇಡ ಪಾಪ, ಸುಮ್ಮನೆ ಹಾಕಬೇಡ' ಅಂದ. ನಾನು ಎಂಥಾ ಗಂಡ ಅಂದ್ಕೊಂಡೆ. ಹೆಂಡತಿ ಮೇಲೆ ಎಷ್ಟು ಕಾಳಜಿ ಅಂದ್ಕೊಂಡೆ."

ಬಟಾಣಿ ಆಗದೇ ಇದ್ದದ್ದು ಅಣ್ಣನಿಗೆ. ಚಿಕ್ಕಂದಿನಿಂದಲೂ ಆಗುತ್ತಿರಲಿಲ್ಲ. ಅಮ್ಮ ಬಿಡುತ್ತಿರಲಿಲ್ಲ, ಅಗ್ಗದ ಕಾಳು, ಮೈಗೆ ಒಳ್ಳೆಯದು, ತಿನ್ನದವನು ಎದ್ದೇಳುವ ಹಾಗಿಲ್ಲ. ಅವನು ತಿಂದ ಹಾಗೆ ಮಾಡಿ ಜೇಬಿಗೆ ಇಳಿಸುತ್ತಿದ್ದ. ಊರಿನ ಆಸ್ಪತ್ರೆಯ ಬಟ್ಟೆಯನ್ನೆಲ್ಲ ಒಗೆಯುವ ಹೆಂಗಸಿನ ಮಗ ತನ್ನ ಚಡ್ಡಿ ಜೇಬನ್ನು ಯಾರು ನೋಡುತ್ತಾರೆ ಎಂದುಕೊಂಡಿದ್ದನೋ ಏನೋ. ಒದೆ ತಿಂದ, ಆದರೂ ಬಟಾಣಿ ತಿನ್ನಲಿಲ್ಲ. ದೊಡ್ಡವನಾಗಿ, ದುಡಿಯತೊಡಗಿದ ಮೇಲೂ, ಅಮ್ಮನ ಮುಂದೆ ಬೇಡ ಎನ್ನಲಾರದೆ ನುಂಗುತ್ತಿದ್ದ. ಮದುವೆಯಾದ ಮೇಲೆ ಅವನಿಗೆ ದಾರಿ ಸಿಕ್ಕಿತು. ಹೆಂಡತಿಗೆ ಆಗಲ್ಲ ಎಂದು ಅಮ್ಮನಿಗೆ, ಅಮ್ಮನಿಗೆ ಆಗಲ್ಲ ಎಂದು ಹೆಂಡತಿಗೆ. ಇಬ್ಬರೂ ಒಬ್ಬರನ್ನೊಬ್ಬರು ಕೇಳುವವರಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆಗಲ್ಲ ಎಂಬ ಮಾತೇ ಹಾಗೆ. ಹೊಟ್ಟೆಗೆ ಆಗಲ್ಲವೋ, ನಾಲಿಗೆಗೆ ಆಗಲ್ಲವೋ, ಮನಸ್ಸಿಗೆ ಆಗಲ್ಲವೋ, ಅದು ಬಿಡಿಸಿ ಹೇಳುವುದಿಲ್ಲ. ಒಳಗಿನಿಂದ ಚಿಲಕ ಹಾಕಿದ ಬಾಗಿಲಿನ ಹಾಗೆ, ಮರ್ಯಾದಸ್ಥರು ತಟ್ಟುವುದಿಲ್ಲ.

"ಕಳ್ಳ ನನ್ಮಗ," ಎಂದಳು ಅಮ್ಮ.

ಆಮೇಲೆ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಭುಜ ಅಲ್ಲಾಡುವ ಹಾಗೆ. ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡಳು. ಅಣ್ಣನ ಮಾತೆತ್ತಿ ಅವಳು ನಕ್ಕದ್ದನ್ನು ಆ ಮೂರು ವರ್ಷದಲ್ಲಿ ನಾನು ಕಂಡಿರಲಿಲ್ಲ. ಸತ್ತ ಮೇಲೆ ಅವನು ಈ ಮನೆಯಲ್ಲಿ ತುಂಬ ಒಳ್ಳೆಯವನಾಗಿಬಿಟ್ಟಿದ್ದ. ಒಳ್ಳೆಯವನಾಗಿ, ಫೋಟೋದ ಹಾಗೆ ಚಪ್ಪಟೆಯಾಗಿದ್ದ. ಈಗ ಸುಳ್ಳುಗಾರನಾಗಿ ಬಾಗಿಲಲ್ಲಿ ನಿಂತು ಪಿಸುಗುಟ್ಟುತ್ತಿದ್ದ.

"ಹೋಗು, ಬಟಾಣಿ ತಗೊಂಡು ಬಾ," ಎಂದಳು ಅಮ್ಮ ಕಣ್ಣೊರೆಸಿಕೊಳ್ಳುತ್ತಾ. "ಚೀಲ ತುಂಬ ತಾ. ಇವತ್ತು ಅವಳು ಹೊಟ್ಟೆ ತುಂಬ ತಿನ್ನಲಿ. ಬಡಿಸಿ, ತಿನ್ನೋಕೆ ಬಿಟ್ಟು, ಆಮೇಲೆ ಹೇಳ್ತೀನಿ. ಅವಳ ಮುಖ ನೋಡಬೇಕು ನಾನು."

ನಾನು ಮೆಟ್ಟಿಲು ಇಳಿದೆ. ಈಗ ಹೇಳುವುದು ಇನ್ನೂ ಕಷ್ಟವಾಯಿತು ಎಂದು ಪ್ರತಿ ಮೆಟ್ಟಿಲೂ ಹೇಳುತ್ತಿತ್ತು.

ತಂದ ಬಟಾಣಿಯನ್ನು ಅಮ್ಮನೇ ಸುಲಿದಳು. ಬಟ್ಟಲಿಗೆ ಒಂದು ಹಿಡಿ, ಬಾಯಿಗೆ ನಾಲ್ಕು ಕಾಳು. ಹೆಬ್ಬೆರಳಿನಿಂದ ಕಾಯಿಯ ಹೊಟ್ಟೆ ಒತ್ತಿ ಟಪ್ಪೆನಿಸಿ, ಎಳೆಯ ಕಾಳು ಬಂದರೆ ಕಣ್ಣು ಮುಚ್ಚಿ ಅಗಿಯುತ್ತಿದ್ದಳು.

"ಎಷ್ಟು ವರ್ಷ ಆಯ್ತೇ," ಎಂದಳು. "ಅವಳಿಗೆ ಆಸೆ ಆದೀತು ಅಂತ ಹೊರಗೂ ತಿಂದಿಲ್ಲ ನಾನು. ಇನ್ಮೇಲೆ ಪ್ರತಿ ರಜೆಗೂ ಹಾಕೋಣ. ಬರೀ ರಜೆ ಯಾಕೆ, ವಾರ ವಾರ ತರೋಣ. ಅವಳು ಬೀದೀಲಿ ನಿಂತು ತಿನ್ನೋದು ತಪ್ಪಲಿ."

ಇನ್ಮೇಲೆ ಎಂಬ ಮಾತು ನನ್ನ ಎದೆಗೆ ತಾಗಿತು. ಬಾಯಿ ತೆರೆದೆ. ಅಮ್ಮ ಅದರೊಳಗೆ ಎರಡು ಕಾಳು ಹಾಕಿದಳು.

ಟ್ರೇ ತುಂಬಿತು. ಹಸಿರು ಕಾಳು ಬಿಲ್ಲೆಗಳ ಸಂದಿಗಿಳಿದು ಕೂತವು. ಮೇಲೆ ಅಂಟು ಸುರಿದು, ಟ್ರೇಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ ಗಾಳಿ ಬಿಡಿಸಿ, ಬ್ರೆಡ್ಡಿನ ಪುಡಿ ಉದುರಿಸಿ, ನಾವಿಬ್ಬರೂ ಆಚೆ ಈಚೆ ಹಿಡಿದು ಮೂರು ಮಹಡಿ ಇಳಿಸಿಕೊಂಡು ಬೇಕರಿಗೆ ಹೋದೆವು. ನಮಗಿಂತ ಮುಂಚೆ ಬಂದವರ ಟ್ರೇಗಳು ಸಾಲಾಗಿ ಕೂತಿದ್ದವು. ಬೇಕರಿಯವನನ್ನು ಬೀದಿಯಲ್ಲೆಲ್ಲ 'ಐದ್ನಿಮಿಷ' ಎನ್ನುತ್ತಾರೆ. ಯಾವುದಕ್ಕೆ ಎಷ್ಟು ಹೊತ್ತು ಎಂದು ಕೇಳಿದರೂ ಅವನ ಉತ್ತರ ಅದೇ.

"ಈ ಸಲ ಭಾರ ಇದೆಯಲ್ಲಕ್ಕ," ಎಂದು ಉದ್ದ ಹಿಡಿಯ ಮರದ ಹಲಗೆಯ ಮೇಲೆ ನಮ್ಮ ಟ್ರೇ ಎಳೆದುಕೊಂಡ. "ಯಾರಪ್ಪಾ ವಿಶೇಷ?"

"ನನ್ನ ಸೊಸೆ ವಿಶೇಷ," ಎಂದಳು ಅಮ್ಮ. "ಎಷ್ಟು ಹೊತ್ತು?"

"ಐದ್ನಿಮಿಷ."

"ಐದ್ನಿಮಿಷಕ್ಕೆ ನಿನ್ನ ಗೂಡಲ್ಲಿ ನೊಣನೂ ಬೇಯಲ್ಲ. ನಾವು ಹೊರಗೆ ಕೂತಿರ್ತೀವಿ."

ಬೇಕರಿಯ ಪಕ್ಕದ ಗೋಡೆಗೆ ಒಂದು ಕಲ್ಲಿನ ಕಟ್ಟೆ ಇದೆ. ಗೂಡು ಆ ಗೋಡೆಯ ಹಿಂದೆಯೇ ಇರುವುದರಿಂದ ಕಲ್ಲು ಬೆಚ್ಚಗಿರುತ್ತದೆ. ಅಮ್ಮ ಬೆನ್ನು ಒರಗಿಸಿ ಕೂತಳು. ಬೀದಿಯಲ್ಲಿ ರಜೆಯ ದಿನದ ಖಾಲಿತನ. ಮುಚ್ಚಿದ ಅಂಗಡಿಗಳ ಮುಂದೆ ಒಂದು ನಾಯಿ ಯಾವ ಮೆಟ್ಟಿಲು ತನ್ನದು ಎಂದು ನೋಡುತ್ತಿತ್ತು.

"ಅಮ್ಮ, ಅತ್ತಿಗೆ ಮದುವೆ ಆಗ್ತಿದ್ದಾಳೆ," ಎಂದೆ.

ಅಮ್ಮ ನಾಯಿಯನ್ನೇ ನೋಡುತ್ತಿದ್ದಳು.

"ಇವತ್ತು ಊಟಕ್ಕೆ ಬರೋರೇ. ಲಿಫ್ಟ್ ರಿಪೇರಿ ಮಾಡೋರು. ಅವರಿಗೆ ಬೇರೆ ಊರಿಗೆ ವರ್ಗ ಆಗಿದೆ. ರಜೆ ಮುಗಿದ ಮೇಲೆ ಇಬ್ಬರೂ ಹೋಗ್ತಾರೆ. ನಿನಗೆ ಹೇಳು ಅಂತ ಅತ್ತಿಗೆ ನನಗೆ ಹೇಳಿ ಬಹಳ ದಿನ ಆಯ್ತು. ನನ್ನ ಕೈಲಿ ಆಗಿರಲಿಲ್ಲ."

"ಹೂಂ," ಎಂದಳು ಅಮ್ಮ.

ನಾನು ಇನ್ನೂ ಏನೇನೋ ಹೇಳಿದೆ. ಒಳ್ಳೆಯವರಂತೆ, ಕುಡಿಯುವುದಿಲ್ಲವಂತೆ, ಹಿಂದೆ ಮದುವೆಯಾಗಿಲ್ಲವಂತೆ. ಸುದ್ದಿ ಹೇಳಿದ ಮೇಲೆ ಬರುವ ಮಾತಿಗೆ ತೂಕವಿರುವುದಿಲ್ಲ, ಆದರೂ ನಿಲ್ಲಿಸಲು ಆಗುತ್ತಿರಲಿಲ್ಲ. ಅಮ್ಮ ಮಡಿಲಲ್ಲಿ ಬಿದ್ದಿದ್ದ ಬ್ರೆಡ್ಡಿನ ಪುಡಿಯನ್ನು ಬೆರಳ ತುದಿಗೆ ಅಂಟಿಸಿಕೊಂಡು ಒಂದೊಂದಾಗಿ ತೆಗೆಯುತ್ತಿದ್ದಳು.

"ನಿನ್ನ ಕೈಲಿ ಹೇಳಿಸಬೇಕಿತ್ತಾ ಅವಳು?" ಎಂದಳು. "ನಾನೇನು ಹುಲಿನಾ ಕರಡಿನಾ? ಒಂದೇ ಮನೇಲಿ, ಒಂದೇ ಪಾತ್ರೇಲಿ ಉಂಡಿದ್ದೀವಿ." ಬೆರಳಿಗಂಟಿದ ಪುಡಿ ಕೊಡವಿ ಮುಂದುವರಿಸಿದಳು, "ಆಸ್ಪತ್ರೇಲಿ ಅವನು ಹೋದಾಗ ಅವಳು ನನ್ನ ಚಪ್ಪಲಿ ಹಾಕ್ಕೊಂಡಿದ್ಲು, ನಾನು ಅವಳದ್ದು. ಮನೆಗೆ ಬರೋವರೆಗೂ ಇಬ್ಬರಿಗೂ ಗೊತ್ತಾಗ್ಲಿಲ್ಲ."

"ನಿನಗೆ ನೋವಾಗುತ್ತೆ ಅಂತ ಅವಳಿಗೆ ಭಯ."

"ಆಗುತ್ತೆ. ಆಗದೇ ಇರುತ್ತಾ? ಅವಳು ಇರೋವರೆಗೂ ಅವನಿಗೊಂದು ಮನೆ ಇತ್ತು. ಹೆಂಡತಿ ಇರೋ ಮನೆ. ಇನ್ನು ನನ್ನ ಹತ್ತಿರ ಮಾತ್ರ ಅವನು."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಏನಾದರೂ ಕೆಲಸ ಸಿಗುತ್ತಿತ್ತು. ಗೋಡೆಯ ಹಿಂದೆ ಐದ್ನಿಮಿಷ ಹಲಗೆ ಎಳೆಯುವ ಸದ್ದು ಕೇಳುತ್ತಿತ್ತು. ಕಲ್ಲಿನ ಬಿಸಿ ಬೆನ್ನಿಗೆ ಹತ್ತುತ್ತಿತ್ತು.

ಅಮ್ಮನಿಗೆ ಹಿಡಿದುಕೊಳ್ಳಲು ಏನಾದರೂ ಕೊಡಬೇಕೆನಿಸಿತು. "ಊಟದ ಹೊತ್ತಿಗೆ ಬಟಾಣಿ ಕಥೆ ಹೇಳು," ಎಂದೆ. "ಅತ್ತಿಗೆ ಎಷ್ಟು ನಗ್ತಾಳೆ ನೋಡು."

"ನಗ್ತಾಳೆ," ಎಂದಳು ಅಮ್ಮ. "ಮೊದಲು ನಗ್ತಾಳೆ."

ಬೆಳಿಗ್ಗೆ ಗೋಡೆಗೆ ಒರಗಿ ನಕ್ಕು, ಆಮೇಲೆ ಕಣ್ಣೊರೆಸಿಕೊಂಡಿದ್ದ ಅಮ್ಮನೇ ನನಗೆ ನೆನಪಾದಳು.

"ಅವಳು ಹೊರಟು ನಿಂತಿದ್ದಾಳೆ," ಎಂದಳು ಅಮ್ಮ. "ಈಗ ಹೋಗಿ, ನಿನ್ನ ಗಂಡ ಹೀಗೆ ಮಾಡಿದ್ದ ಕಣೇ, ಹೀಗೆ ಪಿಸುಗುಟ್ಟಿದ್ದ ಕಣೇ ಅಂತ ಹೇಳಿದ್ರೆ, ಹೊರಟವಳ ಕಾಲಿಗೆ ಹಗ್ಗ ಕಟ್ಟಿದ ಹಾಗೆ. ಆ ಮನುಷ್ಯ ಬೇರೆ ಪಕ್ಕದಲ್ಲೇ ಕೂತಿರ್ತಾನೆ. ಬೇಡ. ನೀನೂ ಹೇಳಬೇಡ. ಇವತ್ತಲ್ಲ, ನಾಳೆನೂ ಅಲ್ಲ."

"ಮತ್ತೆ ಟ್ರೇಯಲ್ಲಿ ಬಟಾಣಿ ಇದೆಯಲ್ಲಮ್ಮ. ನಿನಗೆ ಆಗಲ್ಲ ಅಂತ ಅಲ್ವಾ ಅವಳು ತಿಳ್ಕೊಂಡಿರೋದು?"

ಅಮ್ಮ ನನ್ನ ಕಡೆ ತಿರುಗಿದಳು. ಅವಳಿಗೆ ಅದು ಹೊಳೆದಿರಲಿಲ್ಲ.

"ಹಾಗಾದ್ರೆ ನನಗೆ ಆಗಲ್ಲ," ಎಂದಳು.

ಒಳಗಿನಿಂದ ಐದ್ನಿಮಿಷ ಕೂಗಿದ. "ಅಕ್ಕ, ನಿಮ್ಮದು ಆಯ್ತು. ಮೇಲೆ ಬಂಗಾರ ಆಗಿದೆ."

ಅವರಿಬ್ಬರೂ ಹೇಳಿದ ಹೊತ್ತಿಗೇ ಬಂದರು. ಅತ್ತಿಗೆ ಬಾಗಿಲಲ್ಲೇ ಮೊದಲು ನನ್ನ ಮುಖ ಹುಡುಕಿದಳು. ಹೇಳಿದ್ದಾಯಿತು ಎಂದು ನಾನು ತಲೆಯಾಡಿಸಿದೆ. ಅವಳ ಹೆಗಲು ಒಂದಿಷ್ಟು ಇಳಿಯಿತು. ಅವಳ ಹಿಂದೆ ನಿಂತಿದ್ದವರು ಎತ್ತರದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಉಗುರಿನ ಸುತ್ತ ಎಷ್ಟು ತೊಳೆದರೂ ಹೋಗದ ಗ್ರೀಸಿನ ಕಪ್ಪು. ಅಮ್ಮನ ಕಣ್ಣು ಮೊದಲು ಆ ಉಗುರಿನ ಮೇಲೆಯೇ ಹೋಯಿತು.

"ಅದಕ್ಕೆ ಸೀಮೆಎಣ್ಣೆ ಹಚ್ಚಿ ಉಜ್ಜಬೇಕು, ಸೋಪು ಸಾಲಲ್ಲ," ಎಂದಳು. ಅವರು ಕೈ ಹಿಂದಕ್ಕೆ ಎಳೆದುಕೊಂಡರು. "ನಾಚಿಕೆ ಯಾಕೆ? ದುಡಿಯೋ ಕೈ. ಕೂತ್ಕೊಳ್ಳಿ."

"ನಿಮ್ಮನ್ನ ನಾನು ಏನಂತ ಕರೀಲಿ?" ಎಂದು ಅವರು ತೊದಲಿದರು.

"ಏನಾದ್ರೂ ಕರೀಪ್ಪ. ಊಟಕ್ಕೆ ಕರೆದ್ರೆ ಬರ್ತೀನಿ."

ಅವರು ನಕ್ಕರು. ನಿಜವಾಗಿಯೂ ಒಳ್ಳೆಯ ದನಿ. ಅತ್ತಿಗೆ ಅಡುಗೆಮನೆಗೆ ಬಂದು ಅಮ್ಮನ ಪಕ್ಕ ನಿಂತಳು.

"ಅತ್ತೆ," ಎಂದಳು.

"ಗೊತ್ತಾಯ್ತು," ಎಂದಳು ಅಮ್ಮ. "ಒಳ್ಳೇದಾಯ್ತು. ಮುಂದಿನ ಸಲ ಏನಾದ್ರೂ ಇದ್ರೆ ನನಗೇ ಹೇಳು. ಈ ನಾದಿನಿ ಕೈಲಿ ಹೇಳಿ ಕಳಿಸಿದ್ರೆ ನಿನ್ನ ಮಕ್ಕಳು ಸ್ಕೂಲಿಗೆ ಸೇರಿದ ಮೇಲೆ ಸುದ್ದಿ ಬರುತ್ತೆ. ಚಮಚ ತಗೋ, ಟ್ರೇ ಆರೋಗುತ್ತೆ."

ಅತ್ತಿಗೆ ಅಮ್ಮನ ಮೊಣಕೈಯನ್ನು ಹಿಡಿದುಕೊಂಡು ಒಂದು ಗಳಿಗೆ ನಿಂತಳು. ಅಮ್ಮ ಹಿಡಿಯಗೊಟ್ಟಳು. ಆಮೇಲೆ ಆ ಕೈಯಿಂದಲೇ ತಟ್ಟೆ ಎತ್ತಿಕೊಳ್ಳಬೇಕಿತ್ತು, ಬಿಡಿಸಿಕೊಂಡಳು.

ಬಡಿಸಿದ್ದು ಅಮ್ಮನೇ. ಮೇಲಿನ ಕಂದು ಪದರ ಮುರಿದು ಸೌಟು ಒಳಗಿಳಿದಾಗ ಆವಿಯ ಜೊತೆ ಹಸಿರು ಕಾಣಿಸಿತು. ಅತ್ತಿಗೆ ತಟ್ಟೆಯನ್ನೇ ನೋಡಿದಳು. ಅಮ್ಮನನ್ನು ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು.

"ಅತ್ತೆ, ಬಟಾಣಿ ಹಾಕಿದ್ದೀರ."

"ಹೂಂ."

"ನೀವು ಊಟ ಮಾಡಲ್ವಾ ನಮ್ಮ ಜೊತೆ?" ದನಿ ತೀರ ಸಣ್ಣದಾಗಿತ್ತು. "ನಿಮಗೆ ಆಗಲ್ಲವಲ್ಲ."

ಅವಳು ಏನು ತಿಳಿದುಕೊಂಡಳೆಂದು ನನಗೆ ಆಗ ಅರ್ಥವಾಯಿತು. ಅತ್ತೆಗೆ ಆಗದ್ದನ್ನು ಅತ್ತೆಯೇ ಹಾಕಿ ಬೇಯಿಸಿದ್ದಾಳೆ. ಅಂದರೆ ಈ ಊಟ ಅತ್ತೆ ಉಣ್ಣುವ ಊಟವಲ್ಲ. ಹೊರಟುಹೋಗುವವರಿಗೆ ಬಡಿಸಿ ಕೈ ತೊಳೆದುಕೊಳ್ಳುವ ಊಟ. ಇಷ್ಟು ವರ್ಷ ಒಂದೇ ಟ್ರೇಯಲ್ಲಿ ಉಂಡವರ ನಡುವೆ ಇದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ. ಅತ್ತಿಗೆಯ ಚಮಚ ತಟ್ಟೆಯ ಮೇಲೆ ಎತ್ತಿದ್ದಲ್ಲೇ ಇತ್ತು. ಪಕ್ಕದಲ್ಲಿದ್ದವರು ಏನಾಯಿತೆಂದು ತಿಳಿಯದೆ ಒಬ್ಬರಾದ ಮೇಲೆ ಒಬ್ಬರನ್ನು ನೋಡುತ್ತಿದ್ದರು.

ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಅಮ್ಮನ ಕಡೆ ನೋಡಿದೆ. ಹೇಳಮ್ಮ, ಈಗ ಹೇಳದಿದ್ದರೆ ಅವಳು ಏನೋ ಅಂದುಕೊಂಡು ಹೋಗುತ್ತಾಳೆ ಎಂದು ನನ್ನ ಮುಖವೆಲ್ಲ ಹೇಳಿರಬೇಕು.

ಅಮ್ಮ ಎಲ್ಲರಿಗಿಂತ ದೊಡ್ಡ ತುಂಡನ್ನು ತನ್ನ ತಟ್ಟೆಗೇ ಹಾಕಿಕೊಂಡು ಅತ್ತಿಗೆಯ ಪಕ್ಕ ಕೂತಳು.

"ತರಕಾರಿ ಕಡಿಮೆ ಬಿತ್ತು, ಹಾಕಿದೆ," ಎಂದಳು. "ನಿನಗೆ ಇಷ್ಟ ಅಂತ ಇವಳು ಹೇಳಿದ್ಲು. ನಿನ್ನ ಊಟ ಇವತ್ತು. ನನಗೇನು, ಆರಿಸಿ ತಿಂತೀನಿ."

ಆರಿಸತೊಡಗಿದಳು. ಆಲೂಗಡ್ಡೆಯ ಬಿಲ್ಲೆ ಎತ್ತಿ, ಕೆಳಗೆ ಅಡಗಿದ್ದ ಕಾಳನ್ನು ಚಮಚದ ತುದಿಯಿಂದ ಅಂಚಿಗೆ ತಳ್ಳಿದಳು. ಇನ್ನೊಂದು. ಮತ್ತೊಂದು. ಬೆಳಿಗ್ಗೆ ಕಣ್ಣು ಮುಚ್ಚಿ ಅಗಿದ ಎಳೆಯ ಕಾಳುಗಳೇ ಅವು. ಒಂದು ಕಾಳಿಗೂ ಅವಳ ಮುಖದಲ್ಲಿ ಆಸೆ ಕಾಣಲಿಲ್ಲ. ಮೂಗು ಕೂಡ ತುಸು ಸಿಂಡರಿಸಿದಳು.

ಅತ್ತಿಗೆಯ ಮುಖಕ್ಕೆ ರಕ್ತ ವಾಪಸು ಬಂತು. ಕಣ್ಣು ತುಂಬಿಕೊಂಡಿತು.

"ಕೊಡಿ ಅತ್ತೆ, ನನಗೆ ಹಾಕಿ," ಎಂದು ತಟ್ಟೆ ಹತ್ತಿರ ತಂದಳು. ಅಮ್ಮ ಅಂಚಿನ ಕಾಳನ್ನೆಲ್ಲ ಅವಳ ತಟ್ಟೆಗೆ ಸರಿಸಿದಳು. ಅತ್ತಿಗೆ ತಿಂದಳು. ಆ ಮನೆಯಲ್ಲಿ ಅವಳು ಬಟಾಣಿ ತಿಂದದ್ದು ಅದೇ ಮೊದಲು. ನನ್ನ ತಟ್ಟೆಯಲ್ಲಿದ್ದದ್ದನ್ನು ನಾನು ನೀರು ಕುಡಿದು ಕುಡಿದು ಇಳಿಸಿದೆ.

"ನೋಡಿ," ಎಂದಳು ಅತ್ತಿಗೆ ಅವರ ಕಡೆ ತಿರುಗಿ, ಹೆಮ್ಮೆಯಿಂದ. "ಅತ್ತೆಗೆ ಬಟಾಣಿ ಆಗಲ್ಲ, ವಾಸನೆನೂ ಆಗಲ್ಲ. ಆದ್ರೂ ನನಗೋಸ್ಕರ ಹಾಕಿದ್ದಾರೆ."

ಅವರು ಚಮಚ ಕೆಳಗಿಟ್ಟು ಅಮ್ಮನನ್ನು ಗೌರವದಿಂದ ನೋಡಿದರು. ಮಾತು ಸಿಗದೆ ಹುಡುಕುತ್ತಿದ್ದವರಿಗೆ ಕೊನೆಗೂ ಒಂದು ಸಿಕ್ಕಿತು.

"ಅಲ್ಲಿ ಮನೆ ಮಾಡಿದ ಮೇಲೆ ನೀವು ಬರಲೇಬೇಕು,"  ಎಂದರು. "ನೀವು ಬಂದಾಗ ನಮ್ಮ ಮನೇಲಿ ಬಟಾಣಿ ಹಾಕಿಸಲ್ಲ. ನಾನು ನೆನಪಿಟ್ಕೋತೀನಿ."

ಅಮ್ಮ ಮತ್ತೊಂದು ಬಿಲ್ಲೆ ಎತ್ತಿ, ಅದರ ಕೆಳಗಿದ್ದ ಕಾಳನ್ನು ಬದಿಗೆ ಸರಿಸಿದಳು.

"ಹೂಂ," ಎಂದಳು. "ಮರೀಬೇಡಪ್ಪ."